ಪಟ್ಟಣದಾಟದಲ್ಲಿ ಒಂದು ಮುಳುಗಡೆ

ಆಡುತ್ತಿರುವ ಆಟದ ಬೋರ್ಡಿನ ಮೇಲೆ ಯಾರಾದರೂ ಒಂದು ಚೊಂಬು ನೀರು ಸುರಿದದ್ದನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ನಮ್ಮ ಮನೆಯಲ್ಲೇ, ಈ ಬೇಸಿಗೆಯ ಶುರುವಿನಲ್ಲಿ. ನೀರು ನಮ್ಮದು, ಚೊಂಬೂ ನಮ್ಮದು. ಸುರಿದವರು ಮಾತ್ರ ಹೊಸನಗರದ ನಾಗೇಶಗೌಡರು. ಶಾಲೆ, ಬಾವಿ, ಬಸ್‌ಸ್ಟ್ಯಾಂಡು, ಟೂರಿಂಗ್ ಟಾಕೀಸು ಸಮೇತ ಒಂದು ಇಡೀ ಪಟ್ಟಣ ನಮ್ಮ ಜಮಖಾನದ ಮೇಲೆ ತೇಲಿಹೋಯಿತು. ಬೆಂಕಿಪೊಟ್ಟಣದ ಮನೆಗಳು ಒಂದೊಂದಾಗಿ ಮಗುಚಿಕೊಂಡವು.

ಗೌಡರು ಖಾಲಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟರು. "ಮುಳುಗಡೆ ಅಂದ್ರೆ ಹಿಂಗೆ ಸ್ವಾಮಿ. ನೀಲಿ ರಟ್ಟು ಇಟ್ಟಂಗಲ್ಲ" ಅಂದರು. ಚಪ್ಪಲಿ ಮೆಟ್ಟಿ ಹೊರಟೇಹೋದರು.

ಒಂದು ಆಟಕ್ಕೆ ಇಷ್ಟೆಲ್ಲ ಸಿಟ್ಟೇ? ನೀವು ಕೇಳುತ್ತೀರಿ ಅಂತ ಗೊತ್ತು. ನಮ್ಮತ್ತೆಯೂ ಅದನ್ನೇ ಕೇಳಿದರು. (ಅವರು ಕೇಳಿದ್ದು ಒದ್ದೆ ಜಮಖಾನವನ್ನು ಹಿಂಡುತ್ತಾ. ನಿಮ್ಮಷ್ಟು ಸಮಾಧಾನದಲ್ಲಿ ಅಲ್ಲ.) ಆದ್ದರಿಂದ ಮೊದಲಿಂದ ಹೇಳುತ್ತೇನೆ.

ನಮ್ಮ ಸಾಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ಟರೊಬ್ಬರಿದ್ದಾರೆ. ಹೆಗಡೆ ಮಾಸ್ಟರು. ಊರು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ. ಇಲ್ಲಿ ಒಂದು ರೂಮು ಮಾಡಿಕೊಂಡಿದ್ದಾರೆ, ರಜೆ ಬಂದರೆ ಊರಿಗೆ ಹೋಗುತ್ತಾರೆ. ಸಂಜೆ ಹೊತ್ತು ಕಳೆಯುವುದಕ್ಕೆಂದು ಅವರು ಒಂದು ಆಟ ಮಾಡಿದರು. ಪ್ಲೈವುಡ್ ಹಲಗೆ, ಅದರ ಮೇಲೆ ಚೌಕಗಳು, ನಡುವೆ ಡೊಂಕಾಗಿ ಹರಿಯುವ ಒಂದು ಹೊಳೆ. ಹೊಳೆಯ ಆಚೆ ಈಚೆ ಕೇರಿಗಳು. ಆಡುವ ಒಬ್ಬೊಬ್ಬರಿಗೆ ಒಂದೊಂದು ಕೇರಿ. ಕವಡೆ ಹಾಕಬೇಕು, ಬಿದ್ದಷ್ಟು ಹುಣಸೆಬೀಜ ತೆಗೆದುಕೊಳ್ಳಬೇಕು. ಹುಣಸೆಬೀಜವೆಂದರೆ ಇಟ್ಟಿಗೆ. ಇಟ್ಟಿಗೆ ಕೂಡಿಹಾಕಿ ಮನೆ, ಬಾವಿ, ಶಾಲೆ ಕಟ್ಟುತ್ತಾ ಹೋಗಬೇಕು. ಯಾರ ಕೇರಿ ಮೊದಲು ತುಂಬುತ್ತದೋ ಅವರು ಗೆದ್ದರು. ಹೆಸರು 'ಪಟ್ಟಣ'. ಅಷ್ಟೇ.

ಅಷ್ಟೇ ಆಗಿದ್ದರೆ ಈ ವಾರ ನಾನು ಬೇರೆ ಏನಾದರೂ ಬರೆಯುತ್ತಿದ್ದೆ.

ಭಾನುವಾರ ಮಧ್ಯಾಹ್ನ ಆಟ ನಮ್ಮ ಮನೆಯಲ್ಲಿ. ನಾನು, ನಮ್ಮ ಯಜಮಾನರು, ಹೆಗಡೆ ಮಾಸ್ಟರು. ಹೊಸನಗರದಲ್ಲಿ ಸೈಕಲ್ ಶಾಪ್ ಇಟ್ಟಿರುವ ನಾಗೇಶಗೌಡರು ವಾರಕ್ಕೊಮ್ಮೆ ಸಾಗರದ ತಂಗಿ ಮನೆಗೆ ಬರುತ್ತಾರೆ, ತಂಗಿಯ ಮನೆಯಲ್ಲಿ ಉಂಡು ನಮ್ಮ ಮನೆಯಲ್ಲಿ ಕೂರುತ್ತಾರೆ. ಇನ್ನೊಬ್ಬ ಜೋಗದ ಪವರ್‌ಹೌಸಿನ ಜೂನಿಯರ್ ಇಂಜಿನಿಯರ್, ಸುಧಾಕರ. ಮದುವೆಯಾಗಿಲ್ಲ. ಕ್ವಾರ್ಟರ್ಸಿನಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಬೇಸತ್ತವನು. ಅವನಿಗೆ ಆಟವೂ ಬೇಕು, ನಮ್ಮತ್ತೆಯ ಕೈಯ ಹಲಸಿನ ಹಪ್ಪಳವೂ ಬೇಕು. ಯಾವುದು ಹೆಚ್ಚು ಬೇಕೆಂದು ನಾವು ಕೇಳಿಲ್ಲ.

ಗೌಡರೇ ಮೊದಲು ಶುರುಮಾಡಿದ್ದು. ಒಂದು ವಾರ ಬರುವಾಗ ಸೈಕಲ್ ಟ್ಯೂಬಿನ ಡಬ್ಬಿಯೊಳಗೆ ಏನೋ ತಂದರು. ತಗಡು ಕತ್ತರಿಸಿ ಮಾಡಿದ ಒಂದು ಪುಟ್ಟ ಬಸ್ಸು!

"ಪಟ್ಟಣ ಅಂತೀರಿ, ಬಸ್ಸಿಲ್ಲ ಅಂದ್ರೆ ಜನ ಬರಾದು ಹೆಂಗೆ?" ಅಂದರು.

ಮಾಸ್ಟರು ಬಸ್ಸನ್ನು ತಿರುಗಿಸಿ ತಿರುಗಿಸಿ ನೋಡಿ, "ಆಡಿ ನೋಡುವಾ" ಅಂದರು. ಆಡಿದೆವು. ಬಸ್ಸು ನಿಂತ ಕೇರಿಗೆ ಎರಡು ಬೀಜ ಹೆಚ್ಚು. ಆಟಕ್ಕೆ ರುಚಿ ಬಂತು. ನಮ್ಮ ಯಜಮಾನರು, "ಮೂಲ ಸಾರು ಮಾಸ್ಟರದು, ಒಗ್ಗರಣೆ ಗೌಡರದು" ಅಂದರು. ಅಂದಿನಿಂದ ಆಟಕ್ಕೆ ಯಾರು ಏನೇ ಸೇರಿಸಿದರೂ ಅದಕ್ಕೆ ಒಗ್ಗರಣೆ ಅಂತಲೇ ಹೆಸರಾಯಿತು.

ಒಗ್ಗರಣೆ ಅಂದಮೇಲೆ ಒಬ್ಬರು ಹಾಕಿ ಸುಮ್ಮನಿರುವುದುಂಟೇ? ಯಜಮಾನರು ಟೂರಿಂಗ್ ಟಾಕೀಸು ಹಾಕಿದರು. ನಾನು ಟೆಲಿಫೋನ್ ಎಕ್ಸ್‌ಚೇಂಜಿನವಳಲ್ಲವೇ, ಊದುಬತ್ತಿ ಕಡ್ಡಿಯಿಂದ ಟೆಲಿಫೋನ್ ಕಂಬ ಮಾಡಿ ನೆಟ್ಟೆ. ಕಂಬವಿದ್ದ ಕೇರಿಗಳು ಬೀಜ ಅದಲು ಬದಲು ಮಾಡಿಕೊಳ್ಳಬಹುದು. (ಕವಡೆ ಬೋರಲಾಗಿ ಬಿದ್ದರೆ ಲೈನು ಫಾಲ್ಟು. ಈ ನಿಯಮವನ್ನು ನಾನು ಮಾಡಲಿಲ್ಲ, ಉಳಿದವರೆಲ್ಲ ಸೇರಿ ಮಾಡಿದರು. ಯಾಕೋ ಗೊತ್ತಿಲ್ಲ.)

ಸುಧಾಕರ ಕರೆಂಟು ತಂದ. ಒಳ್ಳೆಯದೇ. ಆದರೆ ಅವನು ತಂತಿ ಎಳೆದದ್ದು ನನ್ನ ಕಂಬಗಳ ಮೇಲೆ!

"ಅದು ಟೆಲಿಫೋನ್ ಕಂಬ ಸುಧಾಕರ" ಅಂದೆ.

"ಕಂಬ ಕಂಬವೇ ಮೇಡಂ. ಇನ್ನೊಂದು ಸಾಲು ನೆಟ್ರೆ ಗೌಡ್ರ ಬಸ್ಸು ತಿರುಗಲ್ಲ."

"ಹಾಗಂತ ಕೇಳದೆ ಕಟ್ಟೋದಾ? ಊದುಬತ್ತಿ ಕಡ್ಡಿ ಆರಿಸಿ, ಬಣ್ಣ ಹಚ್ಚಿ ಮಾಡಿದವಳು ನಾನು."

"ನಿಮ್ಮ ಕಂಬಕ್ಕೆ ಒಂದು ಉಪಯೋಗ ಆಯ್ತಲ್ಲ ಅಂತ ಖುಷಿಪಡಿ."

ನಗಬೇಡಿ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಾಲ್ಕು ಜನ ನೋಡುವ ಒಂದು ಊದುಬತ್ತಿ ಕಡ್ಡಿಗೆ ನಾನೇಕೆ ಅಷ್ಟು ಕುದಿದೆ? ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಇಡೀ ಆಟ ಮಾಡಿದ ಹೆಗಡೆ ಮಾಸ್ಟರು ಎಂದೂ "ಇದು ನನ್ನದು" ಅನ್ನಲಿಲ್ಲ. ಚೂರು ಚೂರು ಸೇರಿಸಿದ ನಾವೇ ಎದೆ ತಟ್ಟಿಕೊಂಡೆವು. ಮನೆ ಕಟ್ಟಿದವರು ಸುಮ್ಮನಿರುತ್ತಾರೆ, ಬಾಗಿಲಿಗೆ ಬಣ್ಣ ಬಳಿದವನು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸುತ್ತಾನೆ. ನಿಮ್ಮಲ್ಲೂ ಹೀಗೆಯೇ ತಾನೇ?

ಕಂಬದ ಜಗಳ ಹೇಗೋ ಮುಗಿಯಿತು. ಮಾಸ್ಟರು ಯಾವತ್ತಿನಂತೆ "ಆಡಿ ನೋಡುವಾ" ಅಂದರು, ಆಡಿ ನೋಡಿದರೆ ಒಂದೇ ಕಂಬಕ್ಕೆ ಎರಡು ತಂತಿ ಚೆನ್ನಾಗಿಯೇ ಇತ್ತು. ನಾನು ಸೋತು ಸುಮ್ಮನಾದೆ.

ಅದಾದ ಮೇಲೆ ಸುಧಾಕರ ಅಣೆಕಟ್ಟು ತಂದ.

ಎಷ್ಟು ಚೆಂದ ಮಾಡಿದ್ದ ಅಂತೀರಿ! ಥರ್ಮಕೋಲಿನ ಗೋಡೆ, ರೇಡಿಯೋದೊಳಗಿನ ಚೂರುಗಳಿಂದ ಮಾಡಿದ ಗೇಟು, ಹಿಂದೆ ಹಿನ್ನೀರಿಗೆ ನೀಲಿ ಬಣ್ಣದ ರಟ್ಟು. ಅಣೆಕಟ್ಟು ಕಟ್ಟಿದವನ ಕೇರಿಗೆ ಮನೆಮನೆಗೂ ದೀಪ. ಹೊಳೆಯ ಮೇಲ್ಗಡೆಯ ಕೇರಿ ಮಾತ್ರ ರಟ್ಟಿನಡಿ. ಅಲ್ಲಿದ್ದವರಿಗೆ ಅವರ ಬೀಜದಲ್ಲಿ ಅರ್ಧ ವಾಪಸು, ಅದು ಪರಿಹಾರ.

ಆ ವಾರ ಮೇಲ್ಗಡೆಯ ಕೇರಿ ನಾಗೇಶಗೌಡರದಾಗಿತ್ತು.

ಸುಧಾಕರ ರಟ್ಟು ಇಟ್ಟ. ಗೌಡರ ಮನೆ, ಬಾವಿ, ಶಾಲೆಗಳನ್ನು ಎತ್ತಿ ಪಕ್ಕಕ್ಕಿಟ್ಟ. ಬೀಜ ಎಣಿಸಿ ಅವರ ಮುಂದೆ ಸುರಿದ. ಗೌಡರು ಬೀಜವನ್ನು ಮುಟ್ಟಲಿಲ್ಲ.

"ಮತ್ತೆ ಜನ?" ಅಂದರು.

"ಜನಕ್ಕೆ ಅಂತ ಆಟದಲ್ಲಿ ಪೀಸ್ ಇಲ್ವಲ್ಲ ಗೌಡ್ರೇ."

ಸುಧಾಕರ ಕುಹಕದಿಂದ ಹೇಳಿದ್ದಲ್ಲ. ನಿಜಕ್ಕೂ ಇರಲಿಲ್ಲ. ಇಷ್ಟು ದಿನ ಪಟ್ಟಣ ಕಟ್ಟಿದ ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ! ಮನೆ ಇತ್ತು, ಬಾವಿ ಇತ್ತು, ಟಾಕೀಸು ಇತ್ತು. ನೀರು ಸೇದುವವರು, ಟಿಕೆಟ್ಟು ಹರಿಯುವವರು ಯಾರೂ ಇರಲಿಲ್ಲ.

ಗೌಡರ ಊರು ಮುಳುಗಿದ ಊರು. ನಮಗೆ ಅದು ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಅಷ್ಟೇ. ಶರಾವತಿಯ ಹಿನ್ನೀರಿನಲ್ಲಿ ನೇರಳೆಕೊಪ್ಪ ಅಂತ ಇತ್ತಂತೆ, ಅವರು ಮೀಸೆ ಚಿಗುರುವ ಹುಡುಗನಾಗಿದ್ದಾಗ ನೀರು ಬಂತಂತೆ. ಇಷ್ಟನ್ನು ಅವರೇ ಒಮ್ಮೆ ಹಪ್ಪಳ ಮುರಿಯುತ್ತಾ ಹೇಳಿದ್ದರು. ಮುಂದಕ್ಕೆ ನಾವೂ ಕೇಳಿರಲಿಲ್ಲ.

ಮರುವಾರ ಗೌಡರು ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಗುಲಗಂಜಿ. ಕೆಂಪು ಮೈ, ಕಪ್ಪು ತಲೆ. ಅದೇ ಜನ. ಒಂದೊಂದು ಮನೆಗೆ ನಾಲ್ಕು ಗುಲಗಂಜಿ. ಮನೆ ಹೋದರೆ ಆ ಜನಕ್ಕೆ ಬೇರೆ ಕಡೆ ಜಾಗ ಆಗುವವರೆಗೆ ಯಾರೂ ಕವಡೆ ಮುಟ್ಟುವ ಹಾಗಿಲ್ಲ. ಇದು ಗೌಡರ ಒಗ್ಗರಣೆ.

ಆಡಿದೆವು. ಸುಧಾಕರ ಅಣೆಕಟ್ಟು ಇಟ್ಟ. ಒಂದು ಹಿಡಿ ಗುಲಗಂಜಿ ಬೀದಿಗೆ ಬಿತ್ತು. ಯಾರ ಕೇರಿಯಲ್ಲೂ ಜಾಗವಿಲ್ಲ, ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಆಟ ನಿಂತಿತು. ಕಾಫಿ ಬಂತು, ಹೋಯಿತು. ಆಟ ನಿಂತೇ ಇತ್ತು.

"ಇದು ಆಟ ಕೆಡಿಸೋಕೇ ಮಾಡಿದ ಒಗ್ಗರಣೆ" ಅಂದ ಸುಧಾಕರ. "ನನ್ನದಿದ್ದಲ್ಲಿ ನಿಮ್ಮದು ನಡೆಯಲ್ಲ, ನಿಮ್ಮದಿದ್ದಲ್ಲಿ ನನ್ನದು ನಡೆಯಲ್ಲ."

"ನಡೀಬಾರ್ದು ಅಂತ್ಲೇ ಮಾಡಿದ್ದು."

"ಮಾಸ್ಟ್ರೇ, ನೀವೇ ಹೇಳಿ. ಯಾರದ್ದು ಸರಿ?"

"ಹೌದು, ನೀವೇ ಹೇಳಿ" ಅಂದರು ಗೌಡರು.

ಮಾಸ್ಟರು ಬೋರ್ಡು ಎತ್ತಿಕೊಂಡು ರೂಮಿಗೆ ಹೊರಟರು. ಅಲ್ಲಿಂದ ವಾರವಾರವೂ ಇದೇ ಆಯಿತು. ಬೋರ್ಡು ಇಡುವ ಮೊದಲೇ ಇಬ್ಬರೂ ಮಾಸ್ಟರ ಅಕ್ಕಪಕ್ಕ ಕೂತು ವಾದ ಹೂಡುತ್ತಿದ್ದರು. ನನ್ನ ಗಂಡ ಸುಧಾಕರನ ಕಡೆ, ನಾನು ಗೌಡರ ಕಡೆ. (ಕಂಬದ ಸಿಟ್ಟು ಪೂರ್ತಿ ಇಳಿದಿರಲಿಲ್ಲವೇನೋ.) ಹಪ್ಪಳ ತಂದ ಅತ್ತೆ, "ಇದು ಆಟವಾ, ಕೋರ್ಟಾ?" ಅಂತ ಕೇಳಿ ಹೋಗುತ್ತಿದ್ದರು.

ಕೊನೆಗೊಂದು ಭಾನುವಾರ, ಪಟ್ಟಣ ಜೋಡಿಸಿದ ಮೇಲೆ, ಸುಧಾಕರ ಹೊಸ ನಿಯಮ ತಂದ. ಬಹಳ ಯೋಚಿಸಿದ್ದನಂತೆ. "ಮುಳುಗಿದ ಮನೆ ಜನಾನ ಬೋರ್ಡಿಂದ ತೆಗೆದು ಡಬ್ಬಿಗೆ ಹಾಕೋದು. ಆಟ ಮುಂದೆ ಹೋಗುತ್ತೆ. ಜಾಗ ಖಾಲಿ ಆದಾಗ ವಾಪಸ್ ತರೋದು. ಟೆಕ್ನಿಕಲಿ ಎಲ್ಲ ಸರಿಯಾಗುತ್ತೆ."

"ಡಬ್ಬಿಗಾ?" ಅಂದರು ಗೌಡರು.

"ಹೂಂ, ಡಬ್ಬಿಗೆ."

ಗೌಡರು ಬಾಯಾರಿಕೆಗೆಂದು ಅತ್ತೆ ಇಟ್ಟಿದ್ದ ಚೊಂಬನ್ನು ಎತ್ತಿಕೊಂಡರು. ಕುಡಿಯುತ್ತಾರೆ ಅಂದುಕೊಂಡೆವು.

ಮುಂದಿನದು ನಿಮಗೆ ಗೊತ್ತು.

ಹೆಗಡೆ ಮಾಸ್ಟರು ಒದ್ದೆ ಬೋರ್ಡನ್ನು ಎತ್ತಿ ಗೋಡೆಗೆ ಒರಗಿಸಿದರು. ತಮ್ಮ ಪಂಚೆಯ ಚುಂಗಿನಿಂದಲೇ ಒರೆಸಿದರು. ಅವರು ಬಣ್ಣ ಹಚ್ಚಿದ್ದ ಹೊಳೆ ಕರಗಿ ನೆಲಕ್ಕೆ ಇಳಿಯುತ್ತಿತ್ತು. ಸುಧಾಕರ ಗುಲಗಂಜಿ ಆರಿಸಲು ಬಗ್ಗಿದ. "ಬೇಡ, ಬಿಡಿ" ಅಂದರು ಮಾಸ್ಟರು, ಅಷ್ಟೇ. ಪರೀಕ್ಷೆಗಳು ಮುಗಿದಿದ್ದವು. ಆ ವಾರವೇ ಬೋರ್ಡನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿಕೊಂಡು ಅರಳಸುರಳಿಗೆ ಹೋದರು. ಹೋಗುವಾಗ ನಮ್ಮ ಮನೆಗೆ ಬರಲಿಲ್ಲ. ರಜೆಗೆ ಹೋಗುವಾಗ ಅವರು ನಮ್ಮಲ್ಲಿ ಕಾಫಿ ಕುಡಿಯದೆ ಹೋದದ್ದು ಅದೇ ಮೊದಲು.

ಭಾನುವಾರ ಅನ್ನುವುದು ಎಷ್ಟು ದೊಡ್ಡ ದಿನ ಅಂತ ನನಗೆ ಆಗ ಗೊತ್ತಾಯಿತು. ಮೊದಲ ವಾರ ಯಜಮಾನರು ಪೇಪರನ್ನು ಎರಡು ಸಲ ಓದಿದರು. ಎರಡನೇ ವಾರ ಎದುರುಮನೆಯಲ್ಲಿ ಹೊಸದಾಗಿ ತಂದ ಟಿ.ವಿ. ನೋಡಲು ಹೋದೆವು. ಪರದೆಯ ತುಂಬ ಚುಕ್ಕೆ, ಮನೆಯ ತುಂಬ ಜನ. ಯಾರೂ ಯಾರ ಹತ್ತಿರವೂ ಜಗಳವಾಡಲಿಲ್ಲ. ಬೇಸರವಾಗಿ ಎದ್ದು ಬಂದೆವು. ಅತ್ತೆ ಹಪ್ಪಳ ಕರಿದು, ತಿನ್ನುವವರಿಲ್ಲದೆ, "ಆ ಜೋಗದ ಹುಡುಗ ಏನು ತಿಂತಾನೋ" ಅಂದರು.

ಒಂದು ದಿನ ನನಗೆ ಡ್ಯೂಟಿ. ಜೋಗದಿಂದ ಹೊಸನಗರಕ್ಕೆ ಟ್ರಂಕ್ ಕಾಲ್ ಬುಕ್ ಆಯಿತು. ದನಿ ಕೇಳಿದ ಕೂಡಲೇ ಗೊತ್ತಾಯಿತು.

"ಸುಧಾಕರ! ಯಾರಿಗೆ?"

"ನಾಗೇಶಗೌಡ್ರಿಗೆ ಮೇಡಂ. ಸೈಕಲ್ ಶಾಪಿನ ಪಕ್ಕದ ಮೆಡಿಕಲ್ ಶಾಪಿಗೆ ಮಾಡಿ ಕರೆಸಿ."

ಕರೆಸಿದೆ. ಮೆಡಿಕಲ್ ಶಾಪಿನವರು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು, "ಗೌಡ್ರು ಇಲ್ಲಂತೆ."

"ಇಲ್ಲ ಅಂತ ಯಾರು ಹೇಳಿದ್ದು?"

"ಗೌಡ್ರೇ ಹೇಳಿದ್ದು."

"ಅವರಿಗೆ ಹೇಳಿ, ಮಾತಾಡ್ತಿರೋದು ಸಾಗರದ ಸುಮಿತ್ರಾ ಅಂತ."

ಗೌಡರು ಬಂದರು. "ಎಂತ ತಂಗಿ?"

"ಗೌಡ್ರೇ, ಜೋಗದಿಂದ ಕಾಲ್ ಇದೆ. ಇಡಬೇಡಿ."

"ಆ ಡಬ್ಬಿ ಇಂಜಿನಿಯರಾ? ನಂಗೆ ಅವರತ್ರ ಎಂತದೂ ಮಾತಿಲ್ಲ."

"ಟ್ರಂಕ್ ಕಾಲ್ ಬಂದಾಗ ಮಾತಿಲ್ಲ ಅನ್ನೋ ಹಾಗಿಲ್ಲ. ರೂಲಿದೆ." (ಅಂಥ ರೂಲು ಯಾವುದೂ ಇಲ್ಲ. ಮೇಲಧಿಕಾರಿಗಳು ಈ ಅಂಕಣ ಓದುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.)

ಲೈನು ಕೊಟ್ಟೆ. ಇಬ್ಬರೂ ಸುಮ್ಮನೆ. ಲೈನು ಕಡಿದುಹೋಯಿತೇನೋ ಅಂದುಕೊಂಡು "ಹಲೋ, ಮಾತಾಡಿ" ಅಂದೆ.

"ಗೌಡ್ರೇ," ಅಂದ ಸುಧಾಕರ, "ಡಬ್ಬಿ ಅಂದಿದ್ದು ತಪ್ಪಾಯ್ತು. ಆದ್ರೆ ಡ್ಯಾಮ್ ತಪ್ಪು ಅಂತ ನಾನು ಒಪ್ಪಲ್ಲ."

ಆ ಕಡೆಯಿಂದ ಗೌಡರ ದನಿ ಬಂತು. "ಫೋನಲ್ಲಿ ಹೇಳಾ ಮಾತಲ್ಲ ಅದು. ಈಗ ನೀರು ಇಳಿದದೆ. ಭಾನ್ವಾರ ಬನ್ನಿ, ನಮ್ಮೂರು ತೋರಿಸ್ತೀನಿ. ತಂಗಿ, ಕೇಳ್ತಿದೀಯಲ್ಲ? ನೀವು ಗಂಡ ಹೆಂಡ್ತಿನೂ ಬನ್ನಿ. ಬುತ್ತಿ ನಿಮ್ದು."

ಹೋದೆವು. ಬಸ್ಸಿಳಿದು ಕಾಡುದಾರಿಯಲ್ಲಿ ಬಹಳ ನಡೆದ ಮೇಲೆ ಕಾಡು ಒಮ್ಮೆಲೇ ಮುಗಿಯಿತು. ಮುಂದೆ ಬರೀ ಒಡೆದ ಕೆಸರಿನ ಬಯಲು. ಅಲ್ಲಲ್ಲಿ ಕಪ್ಪಗೆ ನಿಂತ ಮರದ ಬೊಡ್ಡೆಗಳು, ದೂರದಲ್ಲಿ ಹಿಂದಕ್ಕೆ ಸರಿದ ನೀರು. ಮಳೆಗಾಲದಲ್ಲಿ ಇದೆಲ್ಲ ಮತ್ತೆ ಒಳಗೆ ಹೋಗುತ್ತದೆ. ಬಯಲಿನ ನಡುವೆ ಒಂದು ಕಲ್ಲುದಾರಿ ಎದ್ದು ಕಾಣುತ್ತಿತ್ತು. ಎಲ್ಲಿಂದಲೂ ಬಾರದೆ, ಎಲ್ಲಿಗೂ ಹೋಗದೆ.

ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಗೌಡರು ಅತ್ತರೆ ಏನು ಹೇಳುವುದು ಅಂತ ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದೆ. ಗೌಡರೆಲ್ಲಿ ಅತ್ತರು? ಕಲ್ಲುದಾರಿ ಹತ್ತಿದ್ದೇ ತಡ, ಅವರ ನಡಿಗೆಯೇ ಬದಲಾಯಿತು. ಪಂಚೆ ಎತ್ತಿ ಕಟ್ಟಿ ಮುಂದೆ ಮುಂದೆ ಹೊರಟರು.

"ಇದು ನಮ್ಮ ಅಂಗಳ. ಇಲ್ಲಿ ಬಚ್ಚಲು. ಇಗಾ, ಈ ಕಲ್ಲು ಕಂಡ್ರಾ? ಇದು ಶೇಷಮ್ಮನ ಮನೆ ಮೆಟ್ಟಿಲು. ಅವಳ ಕೋಳಿ ದಿನಾ ನಮ್ಮ ಗೆಣಸಿನ ಮಡಿಗೆ. ನಮ್ಮವ್ವ ಇಲ್ಲಿ ನಿಂತು ಬೈಯಾದು, ಅವಳು ಅಲ್ಲಿ ನಿಂತು ಬೈಯಾದು. ಇಡೀ ಕೊಪ್ಪಕ್ಕೆ ಕೇಳ್ತಿತ್ತು ಮಾರಾಯ್ರೆ!"

ಎರಡೂ ಕಡೆಯ ಬೈಗುಳಗಳನ್ನು ಅವರು ನಿಂತು ಆಡಿ ತೋರಿಸಿದರು. (ಇಲ್ಲಿ ಬರೆಯುವಂಥದ್ದಲ್ಲ.) ನಾವು ನಗುತ್ತಾ ಕೂತುಬಿಟ್ಟೆವು.

"ಆಮೇಲೆ?" ಅಂದ ಸುಧಾಕರ.

"ಆಮೇಲೆಂತ? ನೀರು ಬಂತು. ನಮಗೆ ಒಂದು ದಿಕ್ಕಿಗೆ ಜಾಗ, ಅವರಿಗೆ ಇನ್ನೊಂದು ದಿಕ್ಕಿಗೆ. ಹೋಗಾ ದಿನ ನಮ್ಮವ್ವ ಈ ಮೆಟ್ಟಿಲ ಹತ್ರ ಬಂದು ನಿಂತಿದ್ಲು. ಅಷ್ಟೊತ್ತಿಗೆ ಅವರ ಗಾಡಿ ಹೊರಟು ಹೋಗಿತ್ತು. ಸಾಯೋವರೆಗೂ ಕೇಳ್ತಿದ್ಲು, ಶೇಷಮ್ಮ ಎಲ್ಲಿದಾಳೆ ಅಂತ ಯಾರಿಗಾದ್ರೂ ಗೊತ್ತಾತಾ ಅಂತ. ಪರಿಹಾರ ಕಮ್ಮಿ ಆತು ಅಂತ ನಮ್ಮವ್ವ ಒಂದಿನಾನೂ ಅನ್ಲಿಲ್ಲ."

ಬುತ್ತಿ ಬಿಚ್ಚಿದೆ. ಚಿತ್ರಾನ್ನ ಕೈಗೆ ತೆಗೆದುಕೊಂಡ ಸುಧಾಕರ ತಿನ್ನದೆ ಕೂತಿದ್ದ.

"ಗೌಡ್ರೇ, ನನಗೂ ಊರಿಲ್ಲ" ಅಂದ.

"ನಿಮ್ದು ಜೋಗ ಅಲ್ವಾ?"

"ಕೇಳಿದವರಿಗೆ ಜೋಗ ಅಂತೀನಿ. ನಮ್ಮಪ್ಪ ಮಧುಗಿರಿ ಕಡೆಯಿಂದ ಡ್ಯಾಮಿಗೆ ಕಲ್ಲು ಹೊರೋಕೆ ಬಂದವರು. ನಾನು ಹುಟ್ಟಿದ್ದು ಲೇಬರ್ ಕ್ಯಾಂಪಲ್ಲಿ, ತಗಡಿನ ಶೆಡ್ಡಲ್ಲಿ. ನಮ್ಮಲ್ಲೂ ಸ್ಕೂಲಿತ್ತು, ಸಂತೆ ಇತ್ತು, ಟೆಂಟ್ ಸಿನಿಮಾ ಇತ್ತು. ಕೆಲಸ ಮುಗೀತು, ಶೀಟು ಬಿಚ್ಚಿ ಲಾರಿಗೆ ಹಾಕಿದ್ರು. ಈಗ ಹೋಗಿ ನೋಡಿದ್ರೆ ಅಲ್ಲಿ ಅಕೇಶಿಯಾ ಗಿಡ. ನಿಮಗೆ ಮೆಟ್ಟಿಲಾದ್ರೂ ಇದೆ." ಮತ್ತೆ ಹೇಳಿದ, "ಡ್ಯಾಮ್ ಅಂದ್ರೆ ನನಗೆ ಅಪ್ಪ. ಅದನ್ನ ಯಾರಾದ್ರೂ ಬೈದ್ರೆ ಅಪ್ಪನ್ನೇ ಬೈದ ಹಾಗಾಗುತ್ತೆ."

ಗೌಡರು ಅವನನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿ ಹೇಳಿದರು:

"ಮತ್ತೆ ಅದನ್ನ ಮೊದ್ಲೇ ಹೇಳಾದಲ್ವಾ ಮಾರಾಯ್ರೆ! ಒಂದು ಚೊಂಬು ನೀರಾದ್ರೂ ಉಳೀತಿತ್ತು!"

ಮೊದಲು ನಕ್ಕಿದ್ದು ಸುಧಾಕರನೇ. ಕೈಯಲ್ಲಿದ್ದ ಚಿತ್ರಾನ್ನ ಅರ್ಧ ಕೆಸರಿಗೆ ಬಿತ್ತು.

"ಅಲ್ಲಾ, ನಿಮ್ಮ ಕ್ಯಾಂಪಿಗೆ ಬೋರ್ಡಲ್ಲಿ ಜಾಗ ಎಲ್ಲಿ?" ಅಂದರು ಗೌಡರು.

"ಮಾಡಿಲ್ಲ."

"ಅದೆಂಥ ಡ್ಯಾಮು? ಕಟ್ಟಿದೋರೇ ಇಲ್ಲ! ತಾನಾಗೇ ಎದ್ದು ನಿಂತಿತಾ?"

ಒಂದು ಕೋಲು ಸಿಕ್ಕಿತು. ಕೆಸರಿನ ಮೇಲೆ ಗೌಡರು ಚೌಕ ಗೀರಿದರು, ಸುಧಾಕರ ಹೊಳೆ ಗೀರಿದ. ಕಲ್ಲುಗಳೇ ಮನೆ, ಮರದ ಚಕ್ಕೆಯೇ ಅಣೆಕಟ್ಟು. ನೇರಳೆಕೊಪ್ಪದ ನಡು ಅಂಗಳದಲ್ಲಿ ಇಬ್ಬರು ಗಂಡಸರು ಕುಕ್ಕರಗಾಲಲ್ಲಿ ಕೂತು ಬಿಸಿಲಿನಲ್ಲಿ ಹೊಸ ಒಗ್ಗರಣೆ ಮಾಡಿದರು. ಅಣೆಕಟ್ಟು ಕಟ್ಟುವವನು ಮೊದಲು ಕ್ಯಾಂಪು ಹಾಕಬೇಕು, ಅದರಲ್ಲಿ ಜನ ಇರಬೇಕು. ಕಟ್ಟಿ ಮುಗಿದಾಗ ಕ್ಯಾಂಪಿನವರಿಗೂ ಮುಳುಗಿದವರಿಗೂ ಜಾಗ ಹುಡುಕಬೇಕು. ದೀಪ ಉರಿಸುವ ಪ್ರತಿ ಕೇರಿಯೂ ಒಂದೊಂದು ಚೌಕ ಬಿಟ್ಟುಕೊಡಬೇಕು. ಆ ಚೌಕಗಳು ಒಂದಕ್ಕೊಂದು ತಾಗಿಕೊಂಡಿರಬೇಕು.

"ಅಕ್ಕಪಕ್ಕ ಇದ್ದವರು ಅಕ್ಕಪಕ್ಕವೇ ಇರ್ಬೇಕು. ಇದು ಮಾತ್ರ ಬದಲಾಗಾ ಹಂಗಿಲ್ಲ" ಅಂದರು ಗೌಡರು.

"ಒಪ್ಪಿದೆ" ಅಂದ ಸುಧಾಕರ.

ಯಜಮಾನರು ಮೆಲ್ಲಗೆ ಕೇಳಿದರು, "ಎಲ್ಲ ಸರಿ. ಆಡೋದು ಯಾವ ಬೋರ್ಡಿನ ಮೇಲೆ?"

ಅಲ್ಲಿಗೆ ಇಬ್ಬರ ಮುಖವೂ ಸಪ್ಪಗಾಯಿತು.

ಮರುವಾರ ಅರಳಸುರಳಿಗೆ ನಮ್ಮ ಸವಾರಿ. ಗೌಡರು ಹೊಸ ಪ್ಲೈವುಡ್ ಹಲಗೆ ತಂದಿದ್ದರು, ಸುಧಾಕರ ಪೇಂಟಿನ ಡಬ್ಬಿ. ದಾರಿಯುದ್ದಕ್ಕೂ, ಮೊದಲು ಕ್ಷಮೆ ಕೇಳುವುದು ಯಾರು ಅಂತ ಚರ್ಚೆ. ನೀರು ಸುರಿದವರು ಕೇಳಬೇಕು ಅಂತ ಇಂಜಿನಿಯರು, ಸುರಿಯುವ ಹಾಗೆ ಮಾಡಿದವರು ಕೇಳಬೇಕು ಅಂತ ಗೌಡರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಹೆಗಡೆ ಮಾಸ್ಟರು ಜಗಲಿಯಲ್ಲೇ ಕೂತಿದ್ದರು. ನಮ್ಮನ್ನು ಕಂಡು ಎದ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಒಂದು ಸಲ ಗೌಡರ ಕೈ ನೋಡಿದರು.

"ಚೊಂಬು ತಂದಿರಾ?" ಅಂದರು.

ಗೌಡರು ಹಲಗೆಯನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದರು. ಸುಧಾಕರನೂ ಜೋಡಿಸಿದ. ಅಷ್ಟು ದೂರ ಚರ್ಚೆ ಮಾಡಿದ್ದು ವ್ಯರ್ಥವಾಯಿತು, ಇಬ್ಬರೂ ಒಟ್ಟಿಗೇ "ತಪ್ಪಾಯ್ತು ಮಾಸ್ಟ್ರೇ" ಅಂದರು.

ಮಾಸ್ಟರು ಅವರನ್ನು ಕೂರಿಸಿದರು. "ನನಗೆ ಸಿಟ್ಟು ಬಂದದ್ದು ನೀರಿಗಲ್ಲ. ಹಲಗೆ ಏನು, ಒಣಗುತ್ತದೆ. ಅಷ್ಟು ವಾರ ನೀವಿಬ್ಬರೂ ಬಂದು ಕೂತು, 'ಯಾರದ್ದು ಸರಿ' ಅಂತ ಕೇಳಿದಿರಿ. ಒಬ್ಬರಾದರೂ 'ಆಡುವಾ' ಅಂದಿರಾ? ನಾನು ಮಾಡಿದ್ದು ಆಟ. ತೀರ್ಪು ಕೊಡುವುದಕ್ಕೆ ನಾನು ಯಾರು?"

ಅವರಿಗೂ ನೋವಾಗಿತ್ತು. ನಮಗ್ಯಾರಿಗೂ ಅದು ತಿಳಿದಿರಲಿಲ್ಲ. ಜಗಳದ ಒಂದೊಂದು ವಾರವೂ ಅವರು ಬೋರ್ಡನ್ನು ಹೊತ್ತು ತಂದು, ಆಡದೆ, ಹೊತ್ತು ವಾಪಸು ಹೋಗುತ್ತಿದ್ದರಲ್ಲ. ನನ್ನ ಕಣ್ಣಿಗೆ ಅದು ಬೀಳಬಾರದಿತ್ತೇ?

ಗೌಡರು ಚಕ್ಕಳಮಕ್ಕಳ ಹಾಕಿ ಕೂತರು. "ಹಂಗಾರೆ ಆಡುವಾ" ಅಂದರು.

ಮಾಸ್ಟರು ಹಳೆಯ ಬೋರ್ಡನ್ನು ತಂದರು. ಹೊಳೆ ಎರಡೂ ದಡ ಮೀರಿ ಹರಡಿ, ಒಣಗಿ, ಮೊದಲಿಗಿಂತ ದೊಡ್ಡದಾಗಿತ್ತು. ಹೊಸ ಹಲಗೆ ಗೋಡೆಗೆ ಒರಗಿಯೇ ಉಳಿಯಿತು. ನಾಲ್ಕು ಬೆಂಕಿಪೊಟ್ಟಣ ಒಳಗಿಂದ ಬಂದವು. ಗೌಡರು ಜೇಬಿನಿಂದ ಗುಲಗಂಜಿ ತೆಗೆದರು. ಸುಧಾಕರ ಹೊಸ ಒಗ್ಗರಣೆಯನ್ನು ವಿವರಿಸಿದ. ಮಾಸ್ಟರು ಮಧ್ಯೆ ಒಂದೂ ಮಾತಾಡದೆ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕೈ ತಾನಾಗಿ ಕವಡೆಯನ್ನು ಕಲಕತೊಡಗಿತ್ತು.

ಅಣೆಕಟ್ಟು ಎದ್ದಿತು. ಈ ಸಲ ಮುಳುಗಿದ್ದು ನನ್ನ ಕೇರಿ. ನನ್ನ ಗುಲ‌ಗಂಜಿಗಳನ್ನು ಕೈಯಲ್ಲಿ ಹಿಡಿದು ಕೂತಾಗ, ನಿಜ ಹೇಳುತ್ತೇನೆ, ಆಟ ಅಂತ ಗೊತ್ತಿದ್ದೂ ಸ್ವಲ್ಪ ಕಸಿವಿಸಿಯಾಯಿತು. ಮಾಸ್ಟರು ಒಂದು ಚೌಕ ಬಿಟ್ಟರು. ಯಜಮಾನರು ಗೊಣಗುತ್ತಾ ಒಂದು ಬಿಟ್ಟರು. ಗೌಡರು ಒಂದು, ಸುಧಾಕರ ಒಂದು. ಒಂದು ಹೊಸ ಕೇರಿಯೇ ಆಯಿತು. ನನ್ನವರೆಲ್ಲ ಅಲ್ಲಿ ಸಾಲಾಗಿ ಕೂತರು, ಪಕ್ಕದಲ್ಲೇ ಸುಧಾಕರನ ಕ್ಯಾಂಪಿನವರು. ಆಟ ಮುಂದೆ ಹೋಯಿತು. ನಿಧಾನವಾಗಿ, ಆದರೆ ಹೋಯಿತು.

ಎಷ್ಟು ಹೊತ್ತು ಅಂತೀರಿ?

"ಅಲ್ಲ ಗೌಡ್ರೇ, ಕ್ಯಾಂಪಿನವರಿಗೆ ಬಿಳಿ ಗುಲಗಂಜಿ ಇಡೋಣ. ಬೇರೆ ಅಂತ ಗೊತ್ತಾಗಬೇಕಲ್ಲ?"

"ಯಾಕೆ ಬೇರೆ? ಜನ ಅಂದ್ರೆ ಜನ. ಎಲ್ಲ ಕೆಂಪೇ ಇರ್ಲಿ."

"ಲೆಕ್ಕ ತಪ್ಪುತ್ತೆ ಸಾರ್!"

"ತಪ್ಪಲಿ. ಮತ್ತೆ ಇನ್ನೊಂದು ಮಾತು. ಈ ಒಗ್ಗರಣೆಗೆ ನೇರಳೆಕೊಪ್ಪ ಅಂತ ಹೆಸರು."

"ಅದ್ಹೇಗೆ? ಕ್ಯಾಂಪಿನ ಐಡಿಯಾ ನಂದು!"

"ಕೇಳಿದ್ದು ನಾನು! ನಾನು ಕೇಳದೇ ಇದ್ರೆ ನೀವು ಕ್ಯಾಂಪು ಹಾಕ್ತಿದ್ರಾ?"

ಇಬ್ಬರೂ ಮಂಡಿಯ ಮೇಲೆ ಎದ್ದು ಕೂತಿದ್ದರು. ದನಿ ಅಂಗಳ ದಾಟಿತ್ತು. ಯಜಮಾನರು ಮುನ್ನೆಚ್ಚರಿಕೆಯಾಗಿ ನೀರಿನ ತಂಬಿಗೆಯನ್ನು ದೂರ ಸರಿಸಿದರು. ನಾನು ಮಾಸ್ಟರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಒಳಗಿನಿಂದ ಮಾಸ್ಟರ ಹೆಂಡತಿಯ ದನಿ ಬಂತು: "ಎಂತ, ಜಗಳ ಶುರುವಾತಾ? ಹಂಗಾರೆ ಎಲ್ಲ ಸರಿ ಇದ್ದು. ಕಾಫಿಗೆ ನೀರಿಡ್ತೆ."

ಹೌದಲ್ಲ ಅನ್ನಿಸಿತು. ಜಗಳವಾಡಲಿಕ್ಕಾದರೂ ಒಂದು ಊರು ಬೇಡವೇ?